ದೂರ ಅಳೆಯುವ ಕಣ್ಣು

ಈ ಕ್ಯಾಮೆರಾ ಲೆನ್ಸಿನ ಮೂಲಕ ನೋಡುವುದಿಲ್ಲ. ರೇಂಜ್‌ಫೈಂಡರ್ ಎಂಬ ಈ ಬಗೆಯ ಕ್ಯಾಮೆರಾದ ಜೊತೆ ಬದುಕಲು ಹೊರಟವರು ಮೊದಲು ಒಪ್ಪಿಕೊಳ್ಳಬೇಕಾದ ಮಾತು ಇದು. ನಾವು ಕಣ್ಣಿಡುವ ಕಿಂಡಿ ಎಡಗಡೆಯ ಮೂಲೆಯಲ್ಲಿದೆ. ಚಿತ್ರ ಹಿಡಿಯುವ ಲೆನ್ಸು ಅದರ ಕೆಳಗೆ, ಬಲಕ್ಕೆ, ತನ್ನ ಪಾಡಿಗೆ ತಾನಿದೆ. ಕಿಂಡಿಯಲ್ಲಿ ಹತ್ತಿರದ ದಾಸವಾಳವೂ ಸ್ಪಷ್ಟ, ದೂರದ ಗುಡ್ಡವೂ ಸ್ಪಷ್ಟ. ಯಾವುದು ಮಸುಕಾಗಲಿದೆ, ಯಾವುದು ಉಳಿಯಲಿದೆ ಎಂಬ ಸುಳಿವಿಲ್ಲ. ನಡುಮಧ್ಯದಲ್ಲಿ ಒಂದು ಪುಟ್ಟ ಆಯತ, ಸುತ್ತಲಿಗಿಂತ ತುಸು ಬೆಳಗಿದ್ದು. ಅದರೊಳಗೆ ಎಲ್ಲವೂ ಎರಡೆರಡು. ಕಂಬ ಎರಡು, ಬಾಗಿಲ ಅಂಚು ಎರಡು, ಎದುರಿಗೆ ನಿಂತವರ ಮೂಗು ಎರಡು. ಲೆನ್ಸಿನ ಉಂಗುರ ತಿರುಗಿಸುತ್ತ ಹೋದರೆ ಎರಡನೆಯ ಬಿಂಬ ಪಕ್ಕದಿಂದ ಮೆಲ್ಲಗೆ ಸರಿದು ಬಂದು ಮೊದಲನೆಯದರ ಮೇಲೆ ಕೂರುತ್ತದೆ. ಕೂತಾಗ ಕ್ಯಾಮೆರಾ ನನಗೆ ಒಂದೇ ಒಂದು ಸಂಗತಿ ತಿಳಿಸಿದಂತಾಯಿತು: ನಿನಗೂ ಅದಕ್ಕೂ ನಡುವಿನ ದೂರ ಇಷ್ಟು. ಚಿತ್ರ ಹೇಗೆ ಬರುತ್ತದೆ ಎನ್ನುವುದನ್ನು ಅದು ನನಗೇ ಬಿಟ್ಟಿದೆ.

ಸಾಗರದ ಪೇಟೆ ಪೂರ್ತಿ ಎಚ್ಚರಾಗುವ ಮೊದಲು ಇದನ್ನು ಕೊರಳಿಗೆ ಹಾಕಿಕೊಂಡು ಒಂದು ಸುತ್ತು ಹೋಗಿಬರುವುದು ನನಗೆ ಬಹಳ ಕಾಲದ ರೂಢಿ. ಎಷ್ಟೋ ಬೆಳಗು ಒಂದು ಚಿತ್ರವನ್ನೂ ತೆಗೆಯದೆ ಮನೆಗೆ ಮರಳುತ್ತೇನೆ. ತೆಗೆಯದ ದಿನವೂ ಒಂದು ಪ್ರಶ್ನೆ ನನ್ನ ಜೊತೆ ನಡೆದಿರುತ್ತದೆ: ಇವರಿಗೂ ನನಗೂ ಎಷ್ಟು ದೂರ? ಹಾಲಿನ ಕ್ಯಾನು ಇಳಿಸುತ್ತಿರುವವನಿಗೆ, ಅಂಗಡಿ ಮುಂದೆ ನೀರು ಚಿಮುಕಿಸಿ ರಂಗೋಲಿ ಎಳೆಯುವವಳಿಗೆ, ಮೊದಲ ಬಸ್ಸಿಗೆ ಕಾದು ಕೂತ ಮೇಷ್ಟ್ರಿಗೆ? ಬೇರೆ ಕ್ಯಾಮೆರಾ ಹಿಡಿಯುತ್ತಿದ್ದಾಗ ಈ ಪ್ರಶ್ನೆ ಏಳುತ್ತಿರಲಿಲ್ಲ. ಮುಖ ಎಲ್ಲಿದೆ, ಕಣ್ಣು ಎಲ್ಲಿದೆ ಎಂದು ಅವು ತಾವೇ ಹುಡುಕಿಕೊಳ್ಳುತ್ತವೆ. ದೂರ ಅವುಗಳ ಹೊಟ್ಟೆಯೊಳಗೇ ಹುಟ್ಟಿ ಅಲ್ಲೇ ಮುಗಿಯುತ್ತದೆ. ಇಲ್ಲಿ ಅದು ನನ್ನ ಬೆರಳಿಗೆ ಬಂದು ಕೂತಿದೆ.

ಅಳೆಯುವ ಬಗೆ ನಮ್ಮ ಕಣ್ಣಿನದೇ. ಕ್ಯಾಮೆರಾದ ಮುಖದಲ್ಲಿ ಎರಡು ಕಿಂಡಿಗಳಿವೆ, ದೊಡ್ಡದೊಂದು, ಸಣ್ಣದೊಂದು. ಲೈಕಾದ ಎಂ ಸಾಲಿನ ಕ್ಯಾಮೆರಾಗಳಲ್ಲಿ ಎರಡರ ನಡುವೆ ಸುಮಾರು 69 ಮಿ.ಮೀ. ಅಂತರ. ಮನುಷ್ಯನ ಎರಡು ಪಾಪೆಗಳ ನಡುವಿನ ಅಂತರ ಸರಾಸರಿ 63 ಮಿ.ಮೀ. ಆಸುಪಾಸು. ಒಂದೇ ವಸ್ತುವನ್ನು ಎರಡು ಕಡೆಯಿಂದ ನೋಡಿದಾಗ ಎರಡು ನೋಟಗಳ ನಡುವೆ ಸಣ್ಣ ಕೋನ ಏರ್ಪಡುತ್ತದೆ. ವಸ್ತು ಹತ್ತಿರ ಬಂದಷ್ಟೂ ಕೋನ ಹಿಗ್ಗುತ್ತದೆ, ದೂರ ಹೋದಷ್ಟೂ ಕುಗ್ಗುತ್ತದೆ. ಲೆನ್ಸಿನ ಬೆನ್ನಿನಲ್ಲಿರುವ ಹಿತ್ತಾಳೆಯ ಅಂಚು ಕ್ಯಾಮೆರಾದೊಳಗಿನ ಒಂದು ಸಣ್ಣ ಗಾಲಿಯನ್ನು ಒತ್ತುತ್ತದೆ, ಗಾಲಿ ಒಂದು ತೋಳನ್ನು ತಳ್ಳುತ್ತದೆ, ತೋಳು ಒಳಗಿನ ಗಾಜನ್ನು ಕೂದಲೆಳೆಯಷ್ಟು ಅಲುಗಿಸುತ್ತದೆ. ಇಷ್ಟೇ. ಇದರಲ್ಲಿ ವಿದ್ಯುತ್ತಿನ ಪಾತ್ರವಿಲ್ಲ. ಬ್ಯಾಟರಿ ತೆಗೆದಿಟ್ಟರೂ ಬಿಂಬಗಳು ಕೂಡುತ್ತವೆ, ಅಗಲುತ್ತವೆ. ಸೆನ್ಸರು, ಪ್ರೊಸೆಸರು, ಮೆಮೊರಿ ಕಾರ್ಡು ಎಲ್ಲವನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡ ಡಿಜಿಟಲ್ ಯಂತ್ರವೊಂದು ದೂರದ ವಿಷಯಕ್ಕೆ ಬಂದಾಗ ಮಾತ್ರ ಹಿತ್ತಾಳೆಯ ಅಂಚನ್ನೂ ಮನುಷ್ಯನ ಕಣ್ಣನ್ನೂ ನಂಬಿ ಕೂತಿದೆ. ಈ ನಂಬಿಕೆ ನನ್ನನ್ನು ಇವತ್ತಿಗೂ ತಟ್ಟುತ್ತದೆ.

ಜರ್ಮನಿಯ ವೆಟ್ಸ್ಲರ್ ಊರಿನ ಲೈಟ್ಸ್ ಕಾರ್ಖಾನೆಯಲ್ಲಿ ಆಸ್ಕರ್ ಬಾರ್ನಾಕ್ 1914ರ ಹೊತ್ತಿಗೆ ಸಿನಿಮಾ ಫಿಲ್ಮು ಹಾಕಿ ತೆಗೆಯುವ ಪುಟ್ಟ ಕ್ಯಾಮೆರಾ ಮಾಡಿದರು. ಲೈಕಾ ಎಂಬ ಹೆಸರಿನಲ್ಲಿ ಅದು ಪೇಟೆಗೆ ಬಂದದ್ದು 1925ರಲ್ಲಿ. ಆಗೆಲ್ಲ ದೂರವನ್ನು ಕಣ್ಣಂದಾಜಿನಲ್ಲಿ ಹಾಕಬೇಕಿತ್ತು, ಇಲ್ಲವೇ ಅಳೆಯುವ ಬೇರೆ ಸಾಧನವೊಂದನ್ನು ಮೇಲೆ ಸಿಕ್ಕಿಸಿಕೊಳ್ಳಬೇಕಿತ್ತು. 1932ರಲ್ಲಿ ಅಳತೆಯ ಸಾಧನವೂ ಲೆನ್ಸೂ ಒಂದಕ್ಕೊಂದು ಜೋಡಿಯಾದವು. 1954ರ ಎಂ3 ಮಾದರಿಯಲ್ಲಿ ಅಳೆಯುವ ಕಿಂಡಿ, ನೋಡುವ ಕಿಂಡಿ ಎರಡೂ ಸೇರಿ ಒಂದೇ ಆದವು. ನಾನು ಈಗ ಕಣ್ಣಿಡುವುದು ಹೆಚ್ಚುಕಡಿಮೆ ಅದೇ ಕಿಂಡಿಗೆ.

ಡಿಜಿಟಲ್ ಕಾಲ ಈ ಮನೆತನಕ್ಕೆ ತಡವಾಗಿ ಬಂತು, ಅದಕ್ಕೆ ಕಾರಣವೂ ದೂರವೇ. ಕನ್ನಡಿ ಇರುವ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಲೆನ್ಸು ಕೂರುವ ಉಂಗುರಕ್ಕೂ ಫಿಲ್ಮಿಗೂ ನಡುವೆ 45 ಮಿ.ಮೀ. ಆಸುಪಾಸು ಜಾಗ ಬೇಕು, ಕನ್ನಡಿ ಮೇಲೇಳಬೇಕಲ್ಲ. ಎಂ ಕ್ಯಾಮೆರಾದಲ್ಲಿ ಕನ್ನಡಿಯೇ ಇಲ್ಲ, ಅಲ್ಲಿರುವುದು 27.8 ಮಿ.ಮೀ. ಮಾತ್ರ. ಲೆನ್ಸು ಅಷ್ಟು ಸಮೀಪ ಕೂತಾಗ ಚಿತ್ರದ ಅಂಚುಗಳಿಗೆ ಬೆಳಕು ಬಹಳ ಓರೆಯಾಗಿ ಬೀಳುತ್ತದೆ. ಫಿಲ್ಮಿಗೆ ಓರೆ ಬೆಳಕೂ ಸರಿಯೇ. ಸೆನ್ಸರಿನ ಒಂದೊಂದು ಬಿಂದುವಾದರೋ ಬಾವಿ ಇದ್ದ ಹಾಗೆ, ನೆತ್ತಿಯ ಮೇಲೆ ಬಂದ ಸೂರ್ಯನೇ ಅದರ ತಳ ಮುಟ್ಟಬೇಕು. ಓರೆಯಾಗಿ ಬಂದದ್ದು ಗೋಡೆಗೆ ಬಡಿದು ವ್ಯರ್ಥವಾಗುತ್ತದೆ, ಮೂಲೆಗಳು ಕಪ್ಪಾಗುತ್ತವೆ, ಬಣ್ಣ ತಿರುಗುತ್ತದೆ. ಆ ಕಾರಣಕ್ಕೆ ಮೊತ್ತಮೊದಲ ಡಿಜಿಟಲ್ ರೇಂಜ್‌ಫೈಂಡರ್ 2004ರವರೆಗೆ ಕಾಯಬೇಕಾಯಿತು. ಅದನ್ನು ಹೊರತಂದವರು ನಾವೆಲ್ಲ ಪ್ರಿಂಟರುಗಳಿಂದ ಬಲ್ಲ ಜಪಾನಿನ ಎಪ್ಸನ್. ದೇಹ ಕಟ್ಟಿಕೊಟ್ಟದ್ದು ಅಲ್ಲಿಯದೇ ಕೊಸೀನಾ. ಹೆಸರು ಆರ್-ಡಿ1. ಅಳತೆಯಲ್ಲಿ ಫಿಲ್ಮಿಗಿಂತ ಚಿಕ್ಕ ಸೆನ್ಸರು, 6 ಮೆಗಾಪಿಕ್ಸೆಲ್.

ಆರ್-ಡಿ1ರ ಒಂದು ವಿವರ ನನಗೆ ಬಹಳ ಪ್ರಿಯ. ಫಿಲ್ಮು ಸುತ್ತುವ ಸನ್ನೆಯನ್ನು ಅವರು ಅದರಲ್ಲಿ ಹಾಗೇ ಉಳಿಸಿದರು. ಒಳಗೆ ಸುತ್ತಲು ಫಿಲ್ಮಿಲ್ಲ. ಆದರೂ ಪ್ರತಿ ಚಿತ್ರವಾದ ಮೇಲೆ ಹೆಬ್ಬೆರಳಿನಿಂದ ಸನ್ನೆ ಎಳೆಯಬೇಕು, ಎಳೆದರೇ ಷಟರು ಮುಂದಿನದಕ್ಕೆ ಅಣಿಯಾಗುವುದು. ಮೇಲ್ಭಾಗದಲ್ಲಿ ಕೈಗಡಿಯಾರದಲ್ಲಿ ಇರುವಂಥ ಮುಳ್ಳುಗಳು: ಇನ್ನೆಷ್ಟು ಚಿತ್ರ ಉಳಿದಿದೆ, ಬ್ಯಾಟರಿ ಎಷ್ಟಿದೆ ಎಂದು ತೋರಿಸಲು. ಬೆನ್ನಿನ ಪರದೆಯನ್ನು ಮಗುಚಿ ಒಳಮುಖ ಮಾಡಿ ಇಟ್ಟರೆ ಅದು ಡಿಜಿಟಲ್ ಎಂಬುದೇ ಮರೆಯುತ್ತದೆ. ಇದನ್ನು ಹಳೆಯದರ ಮೇಲಿನ ಹಂಬಲ ಎಂದು ಬದಿಗೆ ಸರಿಸುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಒಂದು ಚಿತ್ರಕ್ಕೂ ಮತ್ತೊಂದಕ್ಕೂ ನಡುವೆ ಕೈ ಮಾಡಬೇಕಾದ ಕೆಲಸವೊಂದು ಇದ್ದರೆ, ಈಗ ತೆಗೆದದ್ದು ಮುಗಿಯಿತು ಎಂದು ಮೈಗೆ ತಿಳಿಯುತ್ತದೆ. ಒತ್ತಿ ಹಿಡಿದರೆ ಸೆಕೆಂಡಿಗೆ ಹತ್ತಾರು ಚಿತ್ರ ಉದುರುವ ಯಂತ್ರದಲ್ಲಿ ಯಾವುದೂ ಮುಗಿಯುವುದಿಲ್ಲ.

2006ರಲ್ಲಿ ಲೈಕಾ ಎಂ8 ಬಂತು. ಓರೆ ಬೆಳಕಿನ ತೊಡಕು ತಗ್ಗಿಸಲು ಸೆನ್ಸರಿನ ಮುಂದಿನ ಸೋಸುಗಾಜನ್ನು ಅವರು ಆದಷ್ಟು ತೆಳುವಾಗಿಸಿದ್ದರು. ಆ ತೆಳುಗಾಜು ಕಣ್ಣಿಗೆ ಕಾಣದ ಅತಿಗೆಂಪು ಬೆಳಕನ್ನು ಪೂರ್ತಿ ತಡೆಯದಾಯಿತು. ಕಪ್ಪು ಸಿಂಥೆಟಿಕ್ ಬಟ್ಟೆ ತೊಟ್ಟವರು ಚಿತ್ರದಲ್ಲಿ ನೇರಳೆ ಛಾಯೆಯಲ್ಲಿ ಮೂಡತೊಡಗಿದರು. ಕೊನೆಗೆ ಕೊಂಡವರಿಗೆಲ್ಲ ಲೆನ್ಸಿನ ಮುಂದೆ ಹಾಕುವ ಎರಡು ಫಿಲ್ಟರುಗಳನ್ನು ಕಂಪನಿ ಉಚಿತವಾಗಿ ಕೊಟ್ಟಿತು. ಇದನ್ನು ದೋಷ ಎಂದು ಬರೆದಿಟ್ಟಿದ್ದಾರೆ, ಸರಿಯೇ. ಆದರೆ ನಾನು ಯೋಚಿಸುವುದು ಆ ಬಟ್ಟೆಯ ಬಗ್ಗೆ. ಅದು ನಿಜಕ್ಕೂ ಆ ಬೆಳಕನ್ನು ಹೊರಚೆಲ್ಲುತ್ತಲೇ ಇತ್ತು. ಬೀದಿಯಲ್ಲಿ ನಿಂತ ಯಾರ ಕಣ್ಣಿಗೂ ಅದು ನಿಲುಕುತ್ತಿರಲಿಲ್ಲ, ಅಷ್ಟೆ. ನಾವು ಕಪ್ಪು ಎಂದು ನಿಶ್ಚಯಿಸಿ ಮುಂದೆ ಹೋದದ್ದರಲ್ಲಿ ನಮಗೆ ಮೀರಿದ ಬೆಳಕು ಇದ್ದೇ ಇರುತ್ತದೆ.

2009ರ ಎಂ9 ಫಿಲ್ಮಿನಷ್ಟೇ ಅಗಲದ ಸೆನ್ಸರು ತಂದಿತು. 2012ರ ಮೊನೋಕ್ರೋಮ್ ಬಣ್ಣವನ್ನೇ ಬಿಟ್ಟುಕೊಟ್ಟಿತು. 2016ರ ಎಂ-ಡಿ ಬೆನ್ನಿನ ಪರದೆಯನ್ನೇ ತೆಗೆದುಹಾಕಿತು. ತೆಗೆದದ್ದನ್ನು ನೋಡಬೇಕಾದರೆ ಮನೆಗೇ ಬರಬೇಕು. ಬೇರೆ ಕ್ಯಾಮೆರಾಗಳು ವರ್ಷ ವರ್ಷ ಏನನ್ನೋ ಸೇರಿಸುತ್ತಿದ್ದಾಗ ಈ ಮನೆತನದಲ್ಲಿ ಕೆಲವರು ಬಿಡುತ್ತ ಹೋದರು.

ನನ್ನ ಬಳಿ ಇರುವುದು ಹಳೆಯದು, ಬೇರೆಯವರ ಕೈಯಲ್ಲಿ ಸವೆದು ಬಂದದ್ದು. 35 ಮಿ.ಮೀ. ಲೆನ್ಸು ಅದಕ್ಕೆ ಖಾಯಂ. ಅದರ ಸ್ವಭಾವಗಳನ್ನು ಹೇಳುತ್ತೇನೆ.

ಎರಡು ಬಿಂಬಗಳು ಸರಿಯುವುದು ಅಡ್ಡಡ್ಡಲಾಗಿ ಮಾತ್ರ. ಹಾಗಾಗಿ ಅವು ಕೂಡಿದವೋ ಇಲ್ಲವೋ ತಿಳಿಯಲು ಲಂಬವಾದ ಗೆರೆಯೊಂದು ಬೇಕು: ಕಂಬ, ಬಾಗಿಲ ಅಂಚು, ಮೂಗಿನ ಏಣು, ಸೀರೆಯ ಇಳಿಬಿದ್ದ ಸೆರಗು. ಕೆರೆಯ ಮೆಟ್ಟಿಲುಗಳ ಎದುರು ಇದು ಕುರುಡು. ಮೆಟ್ಟಿಲೆಲ್ಲ ಅಡ್ಡಗೆರೆ, ಬಿಂಬ ಎಷ್ಟು ಸರಿದರೂ ಗೆರೆಯ ಮೇಲೆ ಗೆರೆಯೇ. ಆಗ ಕ್ಯಾಮೆರಾವನ್ನು ನೆಟ್ಟಗೆ ತಿರುಗಿಸಿ ಅಳೆದು, ಮತ್ತೆ ಅಡ್ಡ ಮಾಡಿಕೊಂಡು ತೆಗೆಯಬೇಕು. ಸುಣ್ಣ ಬಳಿದ ಗೋಡೆಯ ಎದುರೂ ಇದಕ್ಕೆ ಮಾತಿಲ್ಲ. ಮಾಗಿಯ ಬೆಳಗಿನಲ್ಲಿ ಮಂಜು ಇಳಿದಾಗ ಇಡೀ ಊರೇ ಸುಣ್ಣದ ಗೋಡೆ.

ಅಡಿಕೆ ತೋಟದ ವಿಷಯ ಬೇರೆ. ಅಲ್ಲಿ ಲಂಬಗೆರೆಗಳೇ ಎಲ್ಲ. ದಪ್ಪದಲ್ಲಿ, ಬಣ್ಣದಲ್ಲಿ, ನಿಲುವಿನಲ್ಲಿ ಒಂದರಂತೆ ಒಂದು ಮರ, ಸಾಲಿನ ಹಿಂದೆ ಸಾಲು. ಉಂಗುರ ತಿರುಗಿಸಿದಾಗ ಒಂದು ಮರದ ಬಿಂಬ ತನ್ನದೇ ಮರವನ್ನು ಬಿಟ್ಟು ಪಕ್ಕದ ಮರದ ಮೇಲೆ ಹೋಗಿ ಕೂರುತ್ತದೆ. ಕೂತದ್ದು ಎಷ್ಟು ಚೆನ್ನಾಗಿ ಕೂರುತ್ತದೆ ಎಂದರೆ ಅನುಮಾನಕ್ಕೆ ಎಡೆಯೇ ಇರುವುದಿಲ್ಲ. ಅಂಚಿಗೆ ಅಂಚು ಸರಿಹೋಗಿದೆ, ಎರಡು ಇದ್ದದ್ದು ಒಂದಾಗಿದೆ, ಅಳತೆ ಮಾತ್ರ ಸುಳ್ಳು. ತೋಟದಲ್ಲಿ ನಿಂತಾಗಲೆಲ್ಲ ಈ ಸಂಗತಿ ನನ್ನನ್ನು ಬಹಳ ಹೊತ್ತು ಹಿಡಿದಿಡುತ್ತದೆ. ಎರಡು ನೋಟ ಒಂದಾದರೆ ಸತ್ಯ ಸಿಕ್ಕಿತು ಎಂದು ನಾವು ಎಷ್ಟು ಬೇಗ ನಂಬುತ್ತೇವೆ! ಮನೆಯಲ್ಲಿ, ಊರಿನ ಜಗಲಿಯಲ್ಲಿ, ಇಬ್ಬರ ಮಾತು ಹೊಂದಿಬಿಟ್ಟರೆ ಅಲ್ಲಿಗೆ ವಿಚಾರಣೆ ನಿಲ್ಲುತ್ತದೆ. ಇಬ್ಬರೂ ಬೇರೆ ಬೇರೆ ಮರ ನೋಡುತ್ತ ಒಂದೇ ಮಾತು ಆಡಿರಬಹುದು. ತೋಟದಲ್ಲಿ ನಾನು ಕಂಡುಕೊಂಡ ದಾರಿ ಸರಳ: ಮರದ ಮೇಲೆ ಆ ಮರದ್ದೇ ಆದ ಒಂದು ಗುರುತು ಹುಡುಕುವುದು. ಕಲ್ಲುಹೂವಿನ ಒಂದು ಬಿಳಿ ಚಕ್ಕೆ, ಅಂಟಿಕೊಂಡ ಒಂದು ಎಲೆವಳ್ಳಿ, ಗಾಯದ ಕಲೆ. ಆ ಗುರುತು ಆ ಗುರುತಿನ ಮೇಲೇ ಕೂತರೆ ಮಾತ್ರ ಉಂಗುರ ಬಿಡಬೇಕು.

ಚೌಕಟ್ಟಿನ ಮಾತೂ ಇದೆ. ಕಿಂಡಿಯಲ್ಲಿ ತೇಲುವ ಬಿಳಿಗೆರೆಗಳು ಚಿತ್ರದ ಎಲ್ಲೆ ತೋರಿಸುತ್ತವೆ, ಗೆರೆಯಾಚೆಯ ಲೋಕವೂ ಕಾಣುತ್ತಲೇ ಇರುತ್ತದೆ. ಸೈಕಲ್ಲಿನ ಹುಡುಗ ಇನ್ನೂ ಗೆರೆಯ ಹೊರಗಿದ್ದಾನೆ, ಬರುತ್ತಿದ್ದಾನೆ. ನಾಯಿ ಆಗಲೇ ದಾಟಿ ಹೋಯಿತು. ಬೇರೆ ಕ್ಯಾಮೆರಾದಲ್ಲಿ ಚೌಕಟ್ಟಿನಾಚೆ ಕತ್ತಲು. ಇಲ್ಲಿ ನಾನು ಬಿಟ್ಟದ್ದೂ ನನ್ನ ಕಣ್ಣ ಮುಂದೆಯೇ ನಡೆಯುತ್ತದೆ. ಆದರೆ ಆ ಗೆರೆ ಕೂಡ ನಿಖರವಲ್ಲ. ಲೆನ್ಸು ಹತ್ತಿರಕ್ಕೆ ಹೊಂದಿಸಿಕೊಂಡಾಗ ಕಾಣುವ ಹರವು ತುಸು ಕುಗ್ಗುತ್ತದೆ, ದೂರಕ್ಕೆ ಹೊಂದಿಸಿಕೊಂಡಾಗ ಹಿಗ್ಗುತ್ತದೆ. ಗೆರೆಗಳು ಪಕ್ಕಕ್ಕೆ ಸರಿಯಬಲ್ಲವು, ಹಿಗ್ಗಲಾರವು. ಹೀಗಾಗಿ ತಯಾರಿಸುವವರು ಯಾವುದೋ ಒಂದು ದೂರಕ್ಕೆ ಲೆಕ್ಕ ಹಾಕಿ ಅವನ್ನು ಕೂರಿಸಬೇಕು. ಎಂ8ರಲ್ಲಿ ಅದು 0.7 ಮೀಟರಿಗಿತ್ತು, ಎರಡು ವರ್ಷದ ಮೇಲೆ ಬಂದ ಎಂ8.2ರಲ್ಲಿ 2 ಮೀಟರಿಗೆ ಬದಲಾಯಿತು. ಆ ದೂರ ಬಿಟ್ಟು ಉಳಿದೆಡೆಯೆಲ್ಲ ಗೆರೆ ಅಂದಾಜಷ್ಟೆ. ದೂರದ ನೋಟಗಳಲ್ಲಿ ಗೆರೆ ತೋರಿಸಿದ್ದಕ್ಕಿಂತ ಹೆಚ್ಚೇ ಚಿತ್ರದೊಳಗೆ ಬಂದಿರುತ್ತದೆ. ನಾನು ಕರೆಯದವರು ಅಂಚಿನಲ್ಲಿ ನಿಂತಿರುತ್ತಾರೆ. ಕಂಪ್ಯೂಟರಿನಲ್ಲಿ ಅವರನ್ನು ಕತ್ತರಿಸಿ ತೆಗೆಯುವುದು ಸುಲಭ. ನಾನು ಬಹುತೇಕ ಇರಲಿ ಎಂದು ಬಿಡುತ್ತೇನೆ.

ಲೆನ್ಸಿನ ಮುಚ್ಚಳ ಹಾಕಿಯೇ ಇದ್ದರೂ ಕಿಂಡಿಯಲ್ಲಿ ಲೋಕ ಬೆಳಗುತ್ತಿರುತ್ತದೆ ಎಂಬುದನ್ನು ಇಲ್ಲೇ ಹೇಳಿಬಿಡಬೇಕು.

ನಿಧಾನವನ್ನು ಕಲಿಸುವ ಕ್ಯಾಮೆರಾ ಎಂದು ಇದನ್ನು ಹೊಗಳುವುದು ವಾಡಿಕೆ. ಅದನ್ನು ನಾನು ಒಪ್ಪುವುದಿಲ್ಲ. ಸುದ್ದಿ ಛಾಯಾಗ್ರಾಹಕರು ಇದನ್ನು ದಶಕಗಳ ಕಾಲ ಹಿಡಿದದ್ದು ಸದ್ದಿಲ್ಲದೆ ಚುರುಕಾಗಿ ಕೆಲಸ ಮಾಡುತ್ತದೆ ಎಂಬ ಕಾರಣಕ್ಕೆ. 35 ಮಿ.ಮೀ. ಲೆನ್ಸನ್ನು ಎಫ್ 8ಕ್ಕೆ ಕಿರಿದಾಗಿಸಿ, ಉಂಗುರವನ್ನು 5 ಮೀಟರಿಗೆ ಇಟ್ಟುಬಿಟ್ಟರೆ ಎರಡೂವರೆ ಮೀಟರಿನಿಂದ ಆಚೆಯ ದಿಗಂತದವರೆಗೆ ಎಲ್ಲವೂ ಸಾಕಷ್ಟು ಸ್ಪಷ್ಟ. ಆಮೇಲೆ ಅಳೆಯುವ ಕೆಲಸವೇ ಇಲ್ಲ, ಎತ್ತಿ ಒತ್ತುವುದಷ್ಟೆ. ನಿಧಾನವೂ ಇದರ ಗುಣವಲ್ಲ, ಅವಸರವೂ ಅಲ್ಲ. ಒಳ್ಳೆಯ ಚಿತ್ರ ಕೊಡುತ್ತದೆ ಎಂದೂ ನಾನು ಹೇಳಲಾರೆ. ನನ್ನ ತಂಗಿಯ ಮಗಳ ಫೋನು ಕತ್ತಲಲ್ಲಿ ಇದಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಇದು ಕೊಡುವುದು ದೂರದ ಅರಿವನ್ನು. ನನಗೆ ಬೇಕಾದದ್ದೂ ಅದೇ.

ಆ ಅರಿವು ಹಳಿ ತಪ್ಪುವುದೂ ಉಂಟು. ಬಸ್ಸಿನ ಕುಲುಕಾಟಕ್ಕೆ, ಒಂದು ಸಣ್ಣ ಏಟಿಗೆ, ಕೆಲವೊಮ್ಮೆ ಬರಿಯ ಕಾಲಕ್ಕೆ ಒಳಗಿನ ಗಾಲಿಯೋ ತೋಳೋ ತುಸು ಜರುಗುತ್ತದೆ. ಕಿಂಡಿಯಲ್ಲಿ ಬಿಂಬಗಳು ಕೂಡಿರುತ್ತವೆ, ಚಿತ್ರದಲ್ಲಿ ಕಣ್ಣಿನ ಬದಲು ಕಿವಿ ಸ್ಪಷ್ಟವಾಗಿರುತ್ತದೆ. 50 ಮಿ.ಮೀ. ಲೆನ್ಸನ್ನು ಎಫ್ 1.4ಕ್ಕೆ ತೆರೆದು ಒಂದು ಮೀಟರ್ ದೂರದ ಮುಖಕ್ಕೆ ಹೊಂದಿಸಿದರೆ ಸ್ಪಷ್ಟವಾಗಿ ಉಳಿಯುವ ಆಳ ಸುಮಾರು 3 ಸೆಂ.ಮೀ. ಅಷ್ಟರಲ್ಲಿ ಯಾವ ಜರುಗಾಟಕ್ಕೂ ಎಡೆಯಿಲ್ಲ. ಫಿಲ್ಮಿನ ಕಾಲದಲ್ಲಿ ಇಂಥದ್ದು ಇಷ್ಟು ಕಾಣುತ್ತಿರಲಿಲ್ಲ. ಅಂಚೆಕಾರ್ಡಿನಷ್ಟು ದೊಡ್ಡ ಪ್ರಿಂಟು ಸಣ್ಣಪುಟ್ಟದ್ದನ್ನು ಮನ್ನಿಸಿಬಿಡುತ್ತಿತ್ತು. ಈಗ ಪರದೆಯ ಮೇಲೆ ಒಂದು ರೆಪ್ಪೆಯನ್ನು ಅಂಗೈಯಗಲ ಹಿಗ್ಗಿಸಿ ನೋಡುತ್ತೇವೆ. ಯಂತ್ರ ಅದೇ, ನಮ್ಮ ವಿಚಾರಣೆ ಕಠಿಣವಾಯಿತು. ಹಾಗೆ ಹಿಗ್ಗಿಸಿ ನೋಡುವುದನ್ನು ನಾನು ಬೆಳಗಿನ ಹೊತ್ತು ಬಿಟ್ಟಿದ್ದೇನೆ. ರಸ್ತೆಯಲ್ಲಿ ನಿಂತು ರೆಪ್ಪೆ ಎಣಿಸುತ್ತಿರುವಾಗ ಆ ರೆಪ್ಪೆಯವರು ಎದ್ದು ಹೋಗಿರುತ್ತಾರೆ.

ಅಳತೆ ನೆಟ್ಟಗಿದೆಯೋ ನೋಡಲು ಬಹಳ ದೂರದ ವಸ್ತು ಬೇಕು. ಉಂಗುರವನ್ನು ಕೊನೆಯ ಗುರುತಿಗೆ, ಅನಂತದ ಚಿಹ್ನೆಗೆ ತಿರುಗಿಸಿದಾಗ ಅದರ ಎರಡು ಬಿಂಬಗಳು ಒಂದೇ ಆಗಬೇಕು. ಗುಡ್ಡದ ಮೇಲಿನ ಮೊಬೈಲ್ ಟವರು ಸಾಕಾಗುತ್ತದೆ. ಹುಣ್ಣಿಮೆ ಕಳೆದ ಮೇಲಿನ ನಾಲ್ಕಾರು ದಿನ ಬೆಳಿಗ್ಗೆ ಪಡುವಣದಲ್ಲಿ ಚಂದ್ರ ಇನ್ನೂ ಇರುತ್ತಾನೆ, ಅವನಿಗಿಂತ ಒಳ್ಳೆಯ ಗುರುತಿಲ್ಲ. ಎರಡು ಚಂದ್ರ ಒಂದಾದರೆ ಸರಿ. ಆಗದಿದ್ದರೆ ಸಣ್ಣ ಅಲೆನ್ ಕೀ ಹಾಕಿ ಗಾಲಿಯನ್ನು ಕಾಣಿಸದಷ್ಟು ತಿರುಗಿಸಬೇಕು, ಮತ್ತೆ ನೋಡಬೇಕು. ಆಮೇಲೆ ಒಂದು ಮೀಟರಿಗೆ ಟೇಪು ಹಿಡಿದು ಹತ್ತಿರದ ಅಳತೆಯನ್ನೂ ನೋಡಬೇಕು. ಒಂದನ್ನು ನೆಟ್ಟಗೆ ಮಾಡಿದರೆ ಇನ್ನೊಂದು ತುಸು ಅಲುಗುತ್ತದೆ. ದೂರದ್ದೂ ಹತ್ತಿರದ್ದೂ ಎರಡೂ ಒಟ್ಟಿಗೆ ಸರಿಯಾಗುವ ಒಂದು ನೆಲೆ ಇದೆ, ತಾಳ್ಮೆಯಿದ್ದರೆ ಸಿಗುತ್ತದೆ.

ಮಳೆಗಾಲ ಇದಕ್ಕೆ ಆಗಿಬರುವುದಿಲ್ಲ. ಆಷಾಢ ಶ್ರಾವಣದಲ್ಲಿ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ. ಗಾಜಿನ ಒಳಮೈಯಲ್ಲಿ ಜೇಡನೆಳೆಯಂಥ ಫಂಗಸ್ ಹಬ್ಬಿದರೆ ಬಿಡಿಸುವುದು ಕಷ್ಟ. ಆ ತಿಂಗಳುಗಳಲ್ಲಿ ಗಾಳಿಯಾಡದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಜೊತೆ ಅದು ವಿಶ್ರಾಂತಿಯಲ್ಲಿರುತ್ತದೆ. ಜೆಲ್ಲಿನ ಬಣ್ಣ ತಿರುಗಿದರೆ ಬಾಣಲೆಯಲ್ಲಿ ಬಿಸಿ ಮಾಡಿ ಮತ್ತೆ ಇಡುತ್ತೇನೆ.

ಛಾಯಾಗ್ರಾಹಕ ಆನ್ರಿ ಕಾರ್ಟಿಯೇ-ಬ್ರೆಸಾನ್ ಈ ಬಗೆಯ ಕ್ಯಾಮೆರಾವನ್ನು 1932ರಿಂದ ದಶಕಗಳ ಕಾಲ ಹಿಡಿದವರು. ಹೊಳೆಯುವ ಲೋಹದ ಮೇಲೆ ಕಪ್ಪು ಪಟ್ಟಿ ಅಂಟಿಸಿಕೊಂಡು, ಹೆಚ್ಚಾಗಿ 50 ಮಿ.ಮೀ. ಲೆನ್ಸೊಂದರಲ್ಲೇ ಕೆಲಸ ಮಾಡಿದರು. 1948ರ ಜನವರಿ 30ರಂದು ದೆಹಲಿಯ ಬಿರ್ಲಾ ಭವನದಲ್ಲಿ ಗಾಂಧೀಜಿಯನ್ನು ಕಂಡು ತಮ್ಮ ಚಿತ್ರಗಳನ್ನು ತೋರಿಸಿ ಹೊರಬಂದಿದ್ದರು. ಸ್ವಲ್ಪ ಹೊತ್ತಿನಲ್ಲೇ ಗಾಂಧೀಜಿ ಗುಂಡೇಟಿಗೆ ಬಿದ್ದರು. 1950ರ ಏಪ್ರಿಲ್‌ನಲ್ಲಿ ತಿರುವಣ್ಣಾಮಲೆಯಲ್ಲಿ ರಮಣ ಮಹರ್ಷಿಗಳ ಕೊನೆಯ ದಿನಗಳ ಚಿತ್ರ ತೆಗೆದವರೂ ಅವರೇ. ಏಪ್ರಿಲ್ 14ರ ರಾತ್ರಿ ಮಹರ್ಷಿಗಳು ದೇಹ ಬಿಟ್ಟ ಹೊತ್ತಿನಲ್ಲಿ ಆಗಸದಲ್ಲಿ ಬೆಳಕಿನ ಬಾಲವಿದ್ದ ಉಲ್ಕೆಯೊಂದು ಸರಿದದ್ದನ್ನು ಕಂಡೆನೆಂದು ಅವರು ಹೇಳಿದ್ದು ದಾಖಲಾಗಿದೆ. ಆ ಇಬ್ಬರ ಎದುರು ನಿಂತು ಉಂಗುರ ತಿರುಗಿಸುವಾಗ ಅವರ ಬೆರಳು ಯಾವ ದೂರಕ್ಕೆ ಬಂದು ನಿಂತಿರಬಹುದು ಎಂದು ಯೋಚಿಸುತ್ತೇನೆ. ಎರಡು ಮೀಟರು, ಮೂರು ಮೀಟರು ಇರಬಹುದು. ಲೆನ್ಸಿನ ಮೇಲೆ ಅದಕ್ಕೆ ಅಂಕಿಯಿದೆ. ಸಾಯುತ್ತಿರುವವರಿಗೂ ನೋಡುತ್ತಿರುವವನಿಗೂ ನಡುವಿನ ಇನ್ನೊಂದು ದೂರಕ್ಕೆ ಅಂಕಿಯಿಲ್ಲ. ಆದರೂ ಅದನ್ನು ಅಳೆಯದೆ ಅಂಥ ಕಡೆ ಕ್ಯಾಮೆರಾ ಎತ್ತಲಾಗುವುದಿಲ್ಲ. ಕಾರ್ಟಿಯೇ-ಬ್ರೆಸಾನ್ 2004ರಲ್ಲಿ ತೀರಿಕೊಂಡರು, ಆರ್-ಡಿ1 ಬಂದ ವರ್ಷವೇ.

ಇನ್ನು ಹತ್ತಿರದ ಮಾತು. ಈ ಕ್ಯಾಮೆರಾದ ಅಳತೆ 70 ಸೆಂಟಿಮೀಟರಿಗೆ ನಿಲ್ಲುತ್ತದೆ. ಉಂಗುರ ಅಲ್ಲಿ ತಡೆಯುತ್ತದೆ, ಅದಕ್ಕಿಂತ ಈಚೆ ಬಂದದ್ದು ಎರಡಾಗಿಯೇ ಉಳಿಯುತ್ತದೆ. ಹೂವಿನ ಕೇಸರ, ಇಬ್ಬನಿ ಹನಿ, ಮಗುವಿನ ಉಗುರು ಇದರ ಪಾಲಿಗಿಲ್ಲ. 70 ಸೆಂಟಿಮೀಟರು ಎಂದರೆ ಚಾಚಿದ ತೋಳಿನಷ್ಟು. ತೋಳಿನೊಳಗೆ ಬಂದವರನ್ನು ಇದು ನೋಡಲಾರದು.

ನಮ್ಮ ಅಮ್ಮ ಬೆಳಿಗ್ಗೆ ಸ್ನಾನ ಮುಗಿಸಿ ಜಗಲಿಯಲ್ಲಿ ಹೂಬತ್ತಿ ಹೊಸೆಯಲು ಕೂರುತ್ತಾರೆ. ಹತ್ತಿ ಬಿಡಿಸಿ, ಬೆರಳ ತುದಿಗೆ ಹಾಲಿನ ಪಸೆ ಮುಟ್ಟಿಸಿಕೊಂಡು ತುದಿ ತಿರುವುತ್ತಾರೆ. ಆ ಬೆರಳುಗಳ ಚಿತ್ರ ನನಗೆ ಬೇಕಿತ್ತು. ಎದುರಿಗೆ ಕೂತು ಮುಂದೆ ಬಾಗಿದರೆ ಉಂಗುರ ತಡೆಯುತ್ತಿತ್ತು. ಹಿಂದೆ ಸರಿದರೆ ಬೆರಳು ಚಿಕ್ಕದಾಗಿ ಅಮ್ಮ ಪೂರ್ತಿ ಬರುತ್ತಿದ್ದರು, ಅವರ ಹಿಂದಿನ ಬಾಗಿಲು, ಬಾಗಿಲ ಪಕ್ಕದ ಕ್ಯಾಲೆಂಡರು ಕೂಡ.

"ಎಂತಕ್ಕೋ ಹಂಗೆ ಹಿಂದೆ ಮುಂದೆ ಮಾಡ್ತಿದ್ದೀಯ? ಹತ್ರ ಬಾ," ಎಂದರು.

"ಇದಕ್ಕಿಂತ ಹತ್ರ ಬಂದ್ರೆ ಇದಕ್ಕೆ ಕಾಣಲ್ಲ ಅಮ್ಮ."

"ಹಂಗಾರೆ ಅದನ್ನ ಆಚೆ ಇಟ್ಟು ಬಾ. ಈ ಹತ್ತೀಲಿ ಬೀಜ ಉಳ್ಕಂಡಿದೆ, ನಂಗೆ ಕಾಣಲ್ಲ. ಆರಿಸ್ಕೊಡು."

ಕ್ಯಾಮೆರಾ ಕೆಳಗಿಟ್ಟು ಪಕ್ಕದಲ್ಲಿ ಕೂತು ಬೀಜ ಆರಿಸಿದೆ. ಅವರ ಕೈಯ ನರಗಳು, ಹೆಬ್ಬೆರಳಿನ ಹಳೆಯ ಕತ್ತಿಗಾಯ, ಸವೆದ ಬಳೆಯ ಒಳಸುತ್ತು, ಎಲ್ಲ ಅಂಗೈಯಳತೆಯಲ್ಲಿ. ಅದೇ ವಾರ ಇನ್ನೊಂದು ಬೆಳಿಗ್ಗೆ, ತೋಳಿನಾಚೆಯಿಂದ, ಅಮ್ಮ ಪೂರ್ತಿಯಾಗಿ, ಬಾಗಿಲು ಕ್ಯಾಲೆಂಡರಿನ ಸಮೇತ ಒಂದು ಚಿತ್ರ ತೆಗೆದೆ. ಬೆರಳುಗಳು ಅದರಲ್ಲಿ ಚಿಕ್ಕವು. ಆದರೆ ಅವರು ಕೂತ ಮನೆ ಅದರಲ್ಲಿದೆ, ಅವರ ಬೆನ್ನ ಹಿಂದಿನ ಕತ್ತಲಿದೆ, ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕಕ್ಕೆ ಅವರು ಹಾಕಿದ ಗುರುತುಗಳಿವೆ. ಹತ್ತಿರ ಹೋಗಲು ಬಿಡುವ ಲೆನ್ಸು ನನ್ನ ಬಳಿ ಇದ್ದಿದ್ದರೆ ಬೆರಳುಗಳನ್ನಷ್ಟೇ ತಂದಿರುತ್ತಿದ್ದೆ. ಯಾರ ಕೈ ಎಂದು ಮುಂದೆ ನೋಡುವವರಿಗೆ ತಿಳಿಯುತ್ತಿರಲಿಲ್ಲ.

ಕಾಲ ಕಳೆದಂತೆ ಅಳತೆ ಬೆರಳಿಗೆ ಇಳಿಯುತ್ತದೆ. ನನ್ನ ಲೆನ್ಸಿನ ಅಡಿಯಲ್ಲಿ ಬೆರಳು ಕೂರಲು ಒಂದು ಪುಟ್ಟ ಗುಳಿಯಿದೆ. ಅದು ನೇರ ಕೆಳಗಿದ್ದರೆ ಇಷ್ಟು, ಬಲಕ್ಕೆ ವಾಲಿದರೆ ಇಷ್ಟು ಎಂದು ನೋಡದೆಯೇ ಗೊತ್ತು. ಕ್ಯಾಮೆರಾ ಕಣ್ಣಿಗೆ ಏರುವ ಮೊದಲೇ ಬೆರಳು ತನ್ನ ಅಂದಾಜು ಮುಗಿಸಿರುತ್ತದೆ, ಬಿಂಬಗಳು ಹೆಚ್ಚುಕಡಿಮೆ ಕೂಡಿಯೇ ಸಿಗುತ್ತವೆ. ಆಗ ಇನ್ನೊಂದು ಗಮನಕ್ಕೆ ಬಂತು. ಒಬ್ಬೊಬ್ಬರ ಸುತ್ತ ಒಂದೊಂದು ದೂರವಿದೆ. ರಂಗೋಲಿ ಹಾಕುವವರಿಗೆ ಮೂರು ಮೀಟರು; ಅದಕ್ಕಿಂತ ಹತ್ತಿರ ಹೋದರೆ ಕೈ ನಿಲ್ಲುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವ ಅಜ್ಜಿಗೆ ಒಂದೂವರೆ. ಶಾಲೆ ಮಕ್ಕಳಿಗೆ ದೂರವೇ ಇಲ್ಲ, ನೇರ ಲೆನ್ಸಿಗೆ ಕಣ್ಣು ಹಚ್ಚಲು ಬರುತ್ತಾರೆ. ಎಪ್ಪತ್ತು ಸೆಂಟಿಮೀಟರಿನ ನಿಯಮ ಅವರಿಗೆ ಹೇಳಿ ಫಲವಿಲ್ಲ, ಹಾಗಾಗಿ ನನ್ನ ಬಳಿ ಇರುವ ಅವರ ನಗುಗಳೆಲ್ಲ ಮಸುಕು. ಈ ದೂರಗಳನ್ನು ಗೊತ್ತು ಮಾಡುವವನು ನಾನಲ್ಲ. ಉಂಗುರ ನನ್ನ ಕೈಯಲ್ಲಿದ್ದರೂ ಅದು ಎಲ್ಲಿ ನಿಲ್ಲಬೇಕು ಎನ್ನುವುದು ಎದುರಿಗಿರುವವರ ಕೈಯಲ್ಲಿದೆ.

ಬಸ್‌ಸ್ಟ್ಯಾಂಡಿನ ಮೂಲೆಯ ಚಹಾದಂಗಡಿಯನ್ನು ನಾನು ಎಷ್ಟೋ ಕಾಲದಿಂದ ರಸ್ತೆಯ ಈಚೆ ದಡದಿಂದ, ನಾಲ್ಕು ಮೀಟರಿನಿಂದ ತೆಗೆಯುತ್ತಿದ್ದೆ. ಹಬೆ, ಹಬೆಯ ಹಿಂದೆ ಅವರು. ಮೊನ್ನೆ ಅಂಗಡಿಯವರು ಸೌಟು ಎತ್ತಿ ಕರೆದರು.

"ದಿನಾ ಅಲ್ಲೇ ನಿಂತು ಎಂತ ತೆಗೀತೀರಿ ಮಾರಾಯ್ರೆ? ಒಳಗೆ ಬನ್ನಿ. ಕಾಣೋದು ಇಲ್ಲಿಂದ."

ಒಲೆಯ ಪಕ್ಕದಿಂದ ಒಳಗೆ ಬಿಟ್ಟುಕೊಂಡರು. ಅವರು ನಿಲ್ಲುವ ಜಾಗದಲ್ಲಿ ನಿಂತು ಹೊರಗೆ ನೋಡಿದೆ. ಲೋಟಕ್ಕೆ ಚಾಚಿದ ಕೈಗಳು, ಮೂಡಣದ ಬೆಳಕು ನೇರ ಮುಖಕ್ಕೆ ಬಿದ್ದ ಡ್ರೈವರು ಕಂಡಕ್ಟರುಗಳು, ಅವರ ಹಿಂದೆ ನಾನು ಇಷ್ಟು ದಿನ ನಿಂತಿದ್ದ ಲೈಟುಕಂಬ. ನಾನು ಅವರ ಚಿತ್ರ ತೆಗೆಯುತ್ತಿದ್ದೆ. ಅವರು ದಿನವೂ ಇದನ್ನು ನೋಡುತ್ತಿದ್ದರು. ಕೆಲವು ತೆಗೆದೆ. ಅವರದ್ದೊಂದು ಎಂದು ತಿರುಗಿದಾಗ ಕೈ ಅಡ್ಡ ಮಾಡಿದರು. ಎಂಟೂವರೆಗೆ ಹೆಂಡತಿ ಬರುತ್ತಾಳೆ, ಇಬ್ಬರದ್ದೂ ಒಟ್ಟಿಗೇ ತೆಗೆಯಿರಿ, ಗೋಡೆಗೆ ಹಾಕುವಷ್ಟು ದೊಡ್ಡದು ಬೇಕು, ಅಲ್ಲೀವರೆಗೆ ಕೂತಿರಿ ಎಂದು ಸ್ಟೂಲು ಸರಿಸಿದರು. ಚಹಾ ಹಿಡಿದು ಕೂತೆ. ಇಬ್ಬರೂ ನಿಲ್ಲುವ ಜಾಗ ಒಲೆಯ ಆ ಬದಿ, ನನಗೆ ಉಳಿಯುವುದು ಹಿಟ್ಟಿನ ಡಬ್ಬಿಗೂ ಗೋಡೆಗೂ ನಡುವಿನ ಸಂದು. ಗೋಡೆಗೆ ಬೆನ್ನು ಒತ್ತಿ ಕ್ಯಾಮೆರಾ ಎತ್ತಿ ಅಳೆದು ನೋಡಿದೆ. ಒಂದು ಮೀಟರಿಗೆ ತುಸು ಹೆಚ್ಚು. ಇಬ್ಬರು ಹಿಡಿಸುತ್ತಾರೆ.